ಮಾತ್ರೆ ಕೊಟ್ಟದ್ದಾಯಿತು, ನುಂಗಿದಳೇ?



ಈ ಸಲ ಒಂದು ಪ್ರಶ್ನೆಯಿಂದಲೇ ಮಾತು ಆರಂಭಿಸುತ್ತೇನೆ. ನಿಮ್ಮ ಅಡಿಗೆಮನೆಯ ಕಪಾಟು, ಬೀರುವಿನ ಮೂಲೆ, ದೇವರ ಗೂಡಿನ ಕೆಳಗಿನ ಡಬ್ಬಿ, ಇವನ್ನೆಲ್ಲ ಒಮ್ಮೆ ತೆಗೆದು ನೋಡಿ. ಆಸ್ಪತ್ರೆಯಿಂದ ತಂದು ಮರೆತ ಕಬ್ಬಿಣಾಂಶದ ಮಾತ್ರೆಗಳು ಎಷ್ಟು ಸಿಗುತ್ತವೆ? ಒಂದೂ ಇಲ್ಲ ಎನ್ನುವವರಿಗೆ ನನ್ನ ನಮಸ್ಕಾರ. ಎರಡು ಮೂರು ಪಟ್ಟಿ ಸಿಕ್ಕಿದರೆ ನಾಚಿಕೊಳ್ಳಬೇಡಿ. ಈ ಲೇಖನ ನಿಮಗಾಗಿಯೇ.

ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಹೇಳುವುದು ನನ್ನ ಕೆಲಸವಾಗಿತ್ತು. ಒಂದು ವರ್ಷ ಹುಡುಗಿಯರನ್ನು ತರಬೇತಿಗೆಂದು ಹಳ್ಳಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಆರು ತಿಂಗಳ ಬಸುರಿಯೊಬ್ಬಳ ಮನೆ. ಅವಳ ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳೂ ‘ಮಾತ್ರೆ ಕೊಡಲಾಗಿದೆ’ ಎಂಬಲ್ಲಿ ಗುರುತು ಬಿದ್ದಿತ್ತು. ಹಿಮೋಗ್ಲೋಬಿನ್ ಮಾತ್ರ ಒಂಬತ್ತರಿಂದ ಎಂಟಕ್ಕೆ ಇಳಿದಿತ್ತು.

“ಮಾತ್ರೆ ತಗೋತಾ ಇದೀರಾ?” ಎಂದು ನನ್ನ ವಿದ್ಯಾರ್ಥಿನಿ ಕೇಳಿದಳು.

“ಹೂಂ ಸಿಸ್ಟರ್.”

ವಿದ್ಯಾರ್ಥಿನಿ ಅದನ್ನು ಬರೆದುಕೊಂಡು ಎದ್ದೇಬಿಟ್ಟಳು. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆ, “ಇರೋದನ್ನ ಹೇಳೇ, ಅವ್ರೇನು ಹೊಡೀತಾರಾ?” ಎಂದು ತಾವೇ ಒಳಗೆ ಹೋಗಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು. ಮೂರು ತಿಂಗಳ ಮಾತ್ರೆಗಳು ಹಾಗೆ ಹಾಗೆಯೇ ಇದ್ದವು! “ಸರ್ಕಾರದವ್ರು ಕೊಟ್ಟಿದ್ದು, ಎಸೆಯೋಕೆ ಮನಸ್ಸು ಬರಲಿಲ್ಲ ಮೇಡಮ್ಮೋರೇ” ಎಂದರು.

ಸೊಸೆ ತಲೆ ತಗ್ಗಿಸಿ ಹೇಳಿದಳು: “ತಗೊಂಡ್ರೆ ಹೊಟ್ಟೆ ತೊಳಸ್ತದೆ. ಹೊರಕಡೆಗೆ ಹೋದ್ರೆ ಕಪ್ಪಗಾಗ್ತದೆ. ಒಳಗೇನೋ ಕೆಟ್ಟೋಯ್ತು ಅಂತ ಹೆದರಿಕೆ ಆಯ್ತು.” ಅತ್ತೆಯ ಕಾರಣ ಬೇರೆ: “ಕೂಸು ದಪ್ಪ ಬೆಳೆದು ಹೆರಿಗೆ ಕಷ್ಟ ಆಗ್ತದಂತಲ್ಲ, ಅದಕ್ಕೆ ನಾನೂ ಬಲವಂತ ಮಾಡಲಿಲ್ಲ.”

ಆ ದಿನ ನನಗೆ ಸಿಟ್ಟು ಬಂದದ್ದು ಆ ಸೊಸೆಯ ಮೇಲೂ ಅಲ್ಲ, ಅತ್ತೆಯ ಮೇಲೂ ಅಲ್ಲ. ‘ಕೊಡಲಾಗಿದೆ’ ಎಂದು ಗುರುತು ಹಾಕಿದರೆ ಕೆಲಸ ಮುಗಿಯಿತು ಎಂದು ಆ ಹುಡುಗಿಗೆ ಕಲಿಸಿದವಳು ನಾನೇ ಅಲ್ಲವೇ?

ರಕ್ತ ಕಡಿಮೆಯಾದರೆ ಏನು ಮಹಾ?

“ನಮ್ಮ ಕಾಲದಲ್ಲಿ ಯಾರು ರಕ್ತ ಅಳೀತಿದ್ರು? ನಾವೇನು ಹೆರಲಿಲ್ವೇ?” ಎನ್ನುವ ಹಿರಿಯರು ಈಗಲೂ ಇದ್ದಾರೆ. ಹೆತ್ತವರು ಮಾತ್ರ ಈ ಮಾತು ಹೇಳಲು ಉಳಿದಿದ್ದಾರೆ, ಉಳಿಯದವರು ಹೇಳುವುದೆಲ್ಲಿಂದ ಬಂತು?

ಪಾಕಿಸ್ತಾನ, ನೈಜೀರಿಯಾ, ಟಾಂಜಾನಿಯಾ, ಜಾಂಬಿಯಾ ದೇಶಗಳಲ್ಲಿ ರಕ್ತಹೀನತೆಯಿದ್ದ 10,561 ಬಾಣಂತಿಯರ ವಿವರಗಳನ್ನು ಒಟ್ಟುಗೂಡಿಸಿ ನಡೆಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗಿದ್ದ ತೀವ್ರ ರಕ್ತಹೀನತೆಯವರಲ್ಲಿ, ಮಧ್ಯಮ ಮಟ್ಟದ ರಕ್ತಹೀನತೆ ಇದ್ದವರಿಗಿಂತ ಹೆರಿಗೆಯ ನಂತರದ ರಕ್ತಸ್ರಾವ ಹೆಚ್ಚಾಗಿ ಕಂಡಿತು. ಸಾವು ಅಥವಾ ಸಾವಿನ ಬಾಗಿಲವರೆಗೆ ಹೋಗಿಬರುವ ಅಪಾಯವಂತೂ ಸುಮಾರು ಏಳು ಪಟ್ಟು. ತುಂಬಿದ ಕೊಡದಿಂದ ಒಂದು ಚೊಂಬು ಚೆಲ್ಲಿದರೆ ತಿಳಿಯುವುದಿಲ್ಲ. ತಳದಲ್ಲಿ ಇರುವುದೇ ಎರಡು ಚೊಂಬಾದರೆ?

ನಮ್ಮ ದೇಶದ ಲೆಕ್ಕವೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತು; ಕರ್ನಾಟಕದಲ್ಲಿ ಸುಮಾರು 48. ಬೆರಳು ಚುಚ್ಚಿ ತೆಗೆದ ರಕ್ತಕ್ಕೂ ತೋಳಿನ ನರದಿಂದ ತೆಗೆದ ರಕ್ತಕ್ಕೂ ಲೆಕ್ಕದಲ್ಲಿ ವ್ಯತ್ಯಾಸ ಬರುತ್ತದೆ ಎಂದು ವಿಜ್ಞಾನಿಗಳಲ್ಲಿ ವಾದವಿದೆ. ಅಂಕಿ ಸ್ವಲ್ಪ ಇಳಿದರೂ ಚಿಂತೆ ಇಳಿಯುವಂಥದ್ದಲ್ಲ. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನೋಡಿ: ಬಸುರಿನಲ್ಲಿ 180 ದಿನ ಕಬ್ಬಿಣಾಂಶದ ಮಾತ್ರೆ ತೆಗೆದುಕೊಂಡೆವು ಎಂದವರು ನೂರಕ್ಕೆ 26 ಮಾತ್ರ. ಆ ಬಿಸ್ಕತ್ತಿನ ಡಬ್ಬಿ ಒಂದೇ ಮನೆಯದಲ್ಲ ಎಂದಾಯಿತು.

ನುಂಗಿದ್ದೆಲ್ಲ ಮೈಗೆ ಹತ್ತುತ್ತದೆಯೇ?

ಇಲ್ಲ. ನಮ್ಮ ಯಕೃತ್ತಿನಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ತಯಾರಾಗುತ್ತದೆ. ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಿರಿಯ ಸೊಸೆಯ ಹಾಗೆ ಎನ್ನಿ. ಕಬ್ಬಿಣ ಒಂದು ಸಲ ಹೆಚ್ಚಾಗಿ ಒಳಗೆ ಬಂದರೆ ಬಾಗಿಲು ಹಾಕಿಬಿಡುತ್ತದೆ. ಸುಮಾರು ಒಂದು ದಿನ ಅದು ಸಡಿಲವಾಗುವುದಿಲ್ಲ. 2017ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನ ಸಂಶೋಧಕರು, ಮೈಯಲ್ಲಿ ಕಬ್ಬಿಣದ ದಾಸ್ತಾನು ಕಡಿಮೆಯಿದ್ದ 40 ಹೆಂಗಸರ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ದಿನವೂ ಮಾತ್ರೆ ತೆಗೆದುಕೊಂಡವರ ಮೈ ಅದರಲ್ಲಿ ಶೇಕಡ 16ರಷ್ಟು ಹೀರಿಕೊಂಡರೆ, ದಿನ ಬಿಟ್ಟು ದಿನ ತೆಗೆದುಕೊಂಡವರಲ್ಲಿ ಅದು ಶೇಕಡ 22ರ ಹತ್ತಿರ ಬಂತು.

ಹಾಗೆಂದು ನಾಳೆಯಿಂದಲೇ ಬಸುರಿ ಮಗಳ ಮಾತ್ರೆಯನ್ನು ದಿನ ಬಿಟ್ಟು ದಿನ ಮಾಡಬೇಡಿ! ಆ 40 ಮಂದಿ ಬಸುರಿಯರೂ ಅಲ್ಲ, ರಕ್ತಹೀನತೆಯವರೂ ಅಲ್ಲ. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಂತೆ, ಬಸುರಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಬಾಣಂತನದಲ್ಲಿ ಮತ್ತೆ 180 ದಿನ ಮಾತ್ರೆ ಕೊಡುತ್ತಾರೆ. ಪ್ರಮಾಣ ಬದಲಿಸುವುದು ವೈದ್ಯರ ಕೆಲಸ. ಈ ಸಂಶೋಧನೆಯಿಂದ ನಾವು ಕಲಿಯಬೇಕಾದ್ದು ಇಷ್ಟು: ನಿನ್ನೆ ಮರೆತೆ ಎಂದು ಇವತ್ತು ಎರಡು ಒಟ್ಟಿಗೆ ನುಂಗಿದರೆ ಲಾಭವಿಲ್ಲ. ಮೈ ಹೀರುವುದಿಲ್ಲ, ಹೊಟ್ಟೆ ಮಾತ್ರ ಕೆಡುತ್ತದೆ.

ಇನ್ನು ನಮ್ಮ ಕಾಫಿ, ಟೀ. ಊಟವಾದ ಕೂಡಲೇ ಒಂದು ಲೋಟ ಬೇಕೇ ಬೇಕು ನಮಗೆ. ಟೀಯಲ್ಲಿನ ಒಗರು ಪದಾರ್ಥ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಟೀಯನ್ನು ಊಟದ ಜೊತೆಗೆ ಕುಡಿಯದೆ ಒಂದು ಗಂಟೆ ತಡೆದು ಕುಡಿದರೆ ಈ ನಷ್ಟ ಕಡಿಮೆಯಾಗುತ್ತದೆ ಎಂದು 2017ರಲ್ಲಿ ಇಂಗ್ಲೆಂಡಿನ ಅಧ್ಯಯನವೊಂದು ತೋರಿಸಿತು. ಬಿಡಿ ಎಂದರೆ ನೀವು ಕೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಒಂದು ಗಂಟೆ ತಡೆಯಿರಿ, ಅಷ್ಟೇ.

ಕಬ್ಬಿಣವನ್ನು ಕೈಹಿಡಿದು ಒಳಗೆ ಕರೆದೊಯ್ಯುವ ಗೆಳತಿಯೂ ಉಂಟು: ಸಿ ಜೀವಸತ್ವ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಹರೆಯದ ಹುಡುಗ ಹುಡುಗಿಯರಿಗೆ ಅನ್ನದ ಊಟದ ಜೊತೆ ಸೀಬೆಹಣ್ಣು ಕೊಟ್ಟು ನೋಡಿದಾಗ ಕಬ್ಬಿಣ ಮೈಗೆ ಹತ್ತುವುದು ಎರಡು ಪಟ್ಟಿಗೂ ಹೆಚ್ಚಾಯಿತೆಂದು 2013ರಲ್ಲಿ ವರದಿ ಮಾಡಿದರು. ಸೇಬಿಗೆ ದುಡ್ಡು ಸುರಿಯುವ ಬದಲು ಹಿತ್ತಲಿನ ಸೀಬೆ, ನೆಲ್ಲಿ, ನಿಂಬೆಗೆ ಮರ್ಯಾದೆ ಕೊಡಿ ಎಂದು ನಾನು ಹೇಳುವುದು ಇದಕ್ಕೇ.

ಬೆಂಗಳೂರಿನ ಒಂದು ಸಂಶೋಧನೆ

ಬಸುರಿಯ ಕೈಗೆ ಇನ್ನೊಂದು ಮಾತ್ರೆಯೂ ಬರುತ್ತದೆ: ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ. ರಕ್ತದೊತ್ತಡ ಏರಿ ತಾಯಿ ಮಗು ಇಬ್ಬರಿಗೂ ಕುತ್ತು ತರುವ ‘ಪ್ರೀ ಎಕ್ಲಾಂಪ್ಸಿಯಾ’ ತಡೆಯಲು ಇದು ಬೇಕು. ಊಟದಲ್ಲಿ ಸುಣ್ಣದಂಶ ಕಡಿಮೆಯಿರುವ ನಾಡುಗಳಲ್ಲಿ ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಎಂದರೆ ದಿನಕ್ಕೆ ಮೂರು ನಾಲ್ಕು ದಪ್ಪ ಮಾತ್ರೆ. ಜೊತೆಗೆ ಕಬ್ಬಿಣದ್ದು. ಯಾರು ನುಂಗುತ್ತಾರೆ?

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಈ ಪ್ರಶ್ನೆಯನ್ನೇ ಹಿಡಿದರು. ಚೊಚ್ಚಲ ಬಸುರಿಯರು ಬೆಂಗಳೂರಿನಲ್ಲಿ 11,000, ಟಾಂಜಾನಿಯಾದಲ್ಲಿ 11,000. ಅರ್ಧ ಮಂದಿಗೆ ದಿನಕ್ಕೆ 1,500 ಮಿಲಿಗ್ರಾಂ, ಇನ್ನರ್ಧ ಮಂದಿಗೆ ಬರಿಯ 500. ಫಲಿತಾಂಶ 2024ರ ಜನವರಿಯಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ ಈ ಕಾಯಿಲೆ ಕಂಡದ್ದು ಕಡಿಮೆ ಪ್ರಮಾಣದವರಲ್ಲಿ ಶೇಕಡ 3, ಹೆಚ್ಚು ಪ್ರಮಾಣದವರಲ್ಲಿ 3.6. ಟಾಂಜಾನಿಯಾದಲ್ಲಿ ಕ್ರಮವಾಗಿ 3 ಮತ್ತು 2.7. ಈ ಕಾಯಿಲೆಯ ಮಟ್ಟಿಗೆ ಒಂದು ಮಾತ್ರೆ ಮೂರು ಮಾತ್ರೆಗೆ ಸೋಲಲಿಲ್ಲ ಎಂದಾಯಿತು. ದಿನ ತುಂಬುವ ಮೊದಲೇ ಆಗುವ ಹೆರಿಗೆಯ ವಿಷಯದಲ್ಲಿ ಮಾತ್ರ ಬೆಂಗಳೂರಿನಷ್ಟು ಖಚಿತವಾದ ಉತ್ತರ ಟಾಂಜಾನಿಯಾದಲ್ಲಿ ಸಿಗಲಿಲ್ಲ. ಇಲ್ಲಿಯೂ ನನ್ನ ಎಚ್ಚರಿಕೆ ಅದೇ: ನಮ್ಮ ಸರ್ಕಾರ 2014ರಲ್ಲಿ ಹೊರಡಿಸಿದ ಸೂಚನೆಯಲ್ಲಿರುವುದು ದಿನಕ್ಕೆ 500ರ ಎರಡು ಮಾತ್ರೆ. ವೈದ್ಯರನ್ನು ಕೇಳದೆ ಕಡಿಮೆ ಮಾಡಬೇಡಿ.

ಮನೆಯಲ್ಲಿ ನೆನಪಿಡಬೇಕಾದ ಮಾತು ಇನ್ನೊಂದಿದೆ. ಕಬ್ಬಿಣ ಮತ್ತು ಸುಣ್ಣದಂಶ ಸವತಿಯರಿದ್ದ ಹಾಗೆ, ಒಟ್ಟಿಗೆ ಸೇರಿಸಬಾರದು. ಎರಡು ಗಂಟೆಯಾದರೂ ಅಂತರವಿರಲಿ. ಕ್ಯಾಲ್ಸಿಯಂ ಊಟದ ಜೊತೆಗೆ. ಕಬ್ಬಿಣ ಬೇರೆ ಹೊತ್ತಿನಲ್ಲಿ, ನೀರಿನಲ್ಲಿ ಅಥವಾ ನಿಂಬೆಹಣ್ಣಿನ ಪಾನಕದಲ್ಲಿ. ಹಾಲಿನಲ್ಲಿ ಕಬ್ಬಿಣದ ಮಾತ್ರೆ ನುಂಗಿಸುವ ಅಮ್ಮಂದಿರೇ, ನಿಮ್ಮ ಪ್ರೀತಿ ದೊಡ್ಡದು, ಆದರೆ ಮಾತ್ರೆ ಅರ್ಧ ದಂಡ!

ಕೇಳುವುದನ್ನು ಕಲಿಸಬೇಕು

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಹೊಸದಾಗಿ ರೂಪಿಸಿ ಸೆಮಿಸ್ಟರ್ ಪದ್ಧತಿಗೆ ತಂದಿತು. ಆಹಾರ ಮತ್ತು ಪಥ್ಯ ಅದರಲ್ಲಿ ಒಂದು ವಿಷಯ. ಬಾಯಿಪಾಠಕ್ಕಿಂತ ಕೈಕೆಲಸದ ಕುಶಲತೆಗೆ ಒತ್ತು. ಸಂತೋಷ. ಆದರೆ ಮೌಖಿಕ ಪರೀಕ್ಷೆಯಲ್ಲಿ ನಾವು ಕೇಳುತ್ತಿದ್ದುದೇನು? “ಮಾತ್ರೆಯಲ್ಲಿ ಕಬ್ಬಿಣ ಎಷ್ಟು?” 60 ಮಿಲಿಗ್ರಾಂ ಎಂದರೆ ಪೂರ್ತಿ ಅಂಕ. ಬಸುರಿಯ ಮುಂದೆ ಕುಳಿತು ಹೇಗೆ ಮಾತಾಡುತ್ತೀಯ ಎಂದು ಕೇಳಿದ್ದೇ ಕಡಿಮೆ.

ಆ ಹಳ್ಳಿಯಿಂದ ಬಂದ ಮೇಲೆ ನಾನು ಎರಡು ಮಾತು ಬದಲಿಸಿದೆ. “ಮಾತ್ರೆ ತಗೋತೀರಾ?” ಎಂದು ಕೇಳಬೇಡಿ, ಅದಕ್ಕೆ ‘ಹೂಂ’ ಒಂದೇ ಉತ್ತರ. “ಈ ವಾರ ಎಷ್ಟು ಮಾತ್ರೆ ತಪ್ಪಿತು? ತಗೊಂಡಾಗ ಏನಾಗುತ್ತೆ?” ಎಂದು ಕೇಳಿ. ತಪ್ಪುವುದು ಸಹಜ ಎಂದು ನೀವೇ ಒಪ್ಪಿಕೊಂಡರೆ ಅವಳು ನಿಜ ಹೇಳುತ್ತಾಳೆ. ಎರಡನೆಯದು, ಹೇಳಿಕೊಟ್ಟದ್ದನ್ನು ಅವಳ ಬಾಯಿಂದಲೇ ಹೇಳಿಸಿ: “ಮನೆಗೆ ಹೋಗಿ ಅತ್ತೆಗೆ ಏನು ಹೇಳ್ತೀರಾ, ನನಗೆ ಹೇಳಿ ನೋಡೋಣ.” ಅವಳು ತಡವರಿಸಿದರೆ ಹೇಳಿಕೊಟ್ಟವರದೇ ತಪ್ಪು.

ಇದು ನರ್ಸುಗಳಿಗೆ ಮಾತ್ರ ಎನ್ನಬೇಡಿ. ಅತ್ತೆಯೋ ಅಮ್ಮನೋ ಗಂಡನೋ, ಮನೆಯಲ್ಲಿ ಒಬ್ಬರು ಕೇಳುವವರು ಬೇಕು. ಅವರು ತಿಳಿದಿರಬೇಕಾದ್ದು ಇಷ್ಟು:

ಮಲ ಕಪ್ಪಗಾಗುವುದು ಮಾತ್ರೆಯಿಂದ, ಹೆದರಬೇಕಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆ ತೆಗೆದುಕೊಳ್ಳಲಿ. ಮಲಬದ್ಧತೆಗೆ ನೀರು, ಸೊಪ್ಪು, ಹಣ್ಣು ಹೆಚ್ಚಿಸಿ. ಮಗು ವಿಪರೀತ ದಪ್ಪವಾಗುತ್ತದೆ ಎಂಬುದು ಬರೀ ಮಾತು. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಿಂದಲೇ ಬರುವುದಿಲ್ಲ. ತಪ್ಪದೆ ತೆಗೆದುಕೊಂಡೂ ತಿಂಗಳಲ್ಲಿ ರಕ್ತ ಏರದಿದ್ದರೆ ವೈದ್ಯರಿಗೆ ತೋರಿಸಿ. ಒಂದು ಮಾತು ಮರೆಯಲೇಬೇಡಿ: ಈ ಕೆಂಪು ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರಮೆಂಟಿನ ಹಾಗೆ ಕಾಣುತ್ತದೆ. ಪುಟ್ಟ ಮಗು ಹಲವು ಮಾತ್ರೆ ತಿಂದರೆ ಪ್ರಾಣಕ್ಕೇ ಅಪಾಯ. ಕೈಗೆಟುಕದ ಎತ್ತರದಲ್ಲಿಡಿ.

ಈ ಸಲದ ಅಡಿಗೆ: ಮೊಳಕೆ ಹುರುಳಿ, ನುಗ್ಗೆಸೊಪ್ಪಿನ ಪಲ್ಯ

ಒಂದು ಲೋಟ ಹುರುಳಿಯನ್ನು ರಾತ್ರಿ ನೆನೆಹಾಕಿ, ಬಸಿದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಮೊಳಕೆ ಬಂದರೆ ಕಬ್ಬಿಣವನ್ನು ಹಿಡಿದಿಡುವ ಅಂಶ ಕಡಿಮೆಯಾಗುತ್ತದೆ. ಉಪ್ಪು ಹಾಕಿ ಬೇಯಿಸಿ. ಕಟ್ಟನ್ನು ಚೆಲ್ಲಬೇಡಿ, ಸಾರಿಗಾಯಿತು. ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಒಗ್ಗರಣೆ ಮಾಡಿ, ಹೆಚ್ಚಿದ ಈರುಳ್ಳಿ ಬಾಡಿಸಿ, ಬಿಡಿಸಿ ತೊಳೆದ ಎರಡು ಹಿಡಿ ನುಗ್ಗೆಸೊಪ್ಪು ಹಾಕಿ. ಸೊಪ್ಪು ಬೆಂದ ಮೇಲೆ ಹುರುಳಿ ಸೇರಿಸಿ ಎರಡು ನಿಮಿಷ ಕೈಯಾಡಿಸಿ, ತೆಂಗಿನತುರಿ ಉದುರಿಸಿ ಇಳಿಸಿ. ನಿಂಬೆರಸವನ್ನು ಒಲೆಯ ಮೇಲೆ ಹಿಂಡಬೇಡಿ. ಕಾವಿಗೆ ಸಿ ಜೀವಸತ್ವ ಹಾಳಾಗುತ್ತದೆ. ಬಡಿಸುವಾಗ ಹಿಂಡಿ. ಮುದ್ದೆಗೂ ಸರಿ, ಚಪಾತಿಗೂ ಸರಿ. ಹಾಗೆಂದು ಪಲ್ಯ ತಿಂದೆವು, ಮಾತ್ರೆ ಬೇಡ ಎನ್ನಬೇಡಿ. ಬಸುರಿಗೆ ಎರಡೂ ಬೇಕು.

ಆ ಸೊಸೆಯ ಕಥೆ ಏನಾಯಿತು ಎಂದು ಕೇಳುತ್ತೀರಿ. ಮಾತ್ರೆ ರಾತ್ರಿಗೆ ಬದಲಾಯಿತು, ಬಿಸ್ಕತ್ತಿನ ಡಬ್ಬಿಯ ಉಸ್ತುವಾರಿ ಅತ್ತೆಗೆ ಬಂತು. ದಿನಾ ಮಲಗುವ ಮುಂಚೆ ಒಂದು ಮಾತ್ರೆ, ಒಂದು ಲೋಟ ನಿಂಬೆ ನೀರು ಕೈಗೆ ಕೊಟ್ಟು ಎದುರಿಗೆ ನಿಲ್ಲುತ್ತಿದ್ದರಂತೆ. ದಿನ ತುಂಬುವ ಹೊತ್ತಿಗೆ ರಕ್ತ ಹತ್ತು ದಾಟಿತ್ತು. ಹೆರಿಗೆಯಲ್ಲಿ ಸ್ವಲ್ಪ ಹೆಚ್ಚಾಗಿಯೇ ರಕ್ತ ಹೋಯಿತು, ಆದರೆ ತಡೆದುಕೊಂಡಳು. ಎಂಟರಲ್ಲೇ ಇದ್ದಿದ್ದರೆ? ಆ ಯೋಚನೆ ಈಗಲೂ ನನಗೆ ಬೇಡ.

ಇವತ್ತು ರಾತ್ರಿ ನಿಮ್ಮ ಮನೆಯ ಡಬ್ಬಿ ತೆಗೆದು ನೋಡಿ. ಸಿಕ್ಕ ಮಾತ್ರೆಯ ತಾರೀಖು ಮೀರಿದ್ದರೆ ಹೊಸದು ತನ್ನಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.