ಯಾಂಕೀಸ್–ಕಬ್ಸ್ ಆಟಗಾರರ ವಿನಿಮಯ, ಡಿಸೆಂಬರ್ 2024

ಅಮೆರಿಕದ ಬೇಸ್‌ಬಾಲ್ ತಂಡವಾದ ನ್ಯೂಯಾರ್ಕ್ ಯಾಂಕೀಸ್, 2024ರ ಡಿಸೆಂಬರ್ 17ರಂದು ಶಿಕಾಗೊ ಕಬ್ಸ್ ತಂಡದಿಂದ ಕೋಡಿ ಬೆಲ್ಲಿಂಜರ್ ಅವರನ್ನು ವಿನಿಮಯದ ಮೂಲಕ ಪಡೆಯಿತು. ಅವರು ಔಟ್‌ಫೀಲ್ಡರ್, ಅಂದರೆ ಮೈದಾನದ ಹೊರವಲಯವನ್ನು ಕಾಯುವ ಮೂವರಲ್ಲಿ ಒಬ್ಬರು.

ಹಿನ್ನೆಲೆ

2024ರ ಋತುವಿನಲ್ಲಿ 41 ಹೋಮ್ ರನ್ ಬಾರಿಸಿ ಯಾಂಕೀಸ್ ತಂಡವನ್ನು ವರ್ಲ್ಡ್ ಸೀರೀಸ್‌ವರೆಗೆ ಕೊಂಡೊಯ್ದವರಲ್ಲಿ ಹ್ವಾನ್ ಸೋಟೊ ಪ್ರಮುಖರು. ಒಪ್ಪಂದ ಮುಗಿದ ಬಳಿಕ ಅವರು 15 ವರ್ಷಗಳಿಗೆ 76.5 ಕೋಟಿ ಡಾಲರ್ ಮೊತ್ತಕ್ಕೆ ಅದೇ ನಗರದ ಎದುರಾಳಿ ಮೆಟ್ಸ್ ತಂಡವನ್ನು ಸೇರಿದರು. ತೆರವಾದ ಸ್ಥಾನವನ್ನು ಮುಂದಿನ ಋತುವಿಗೆ ಮುನ್ನ ತುಂಬಬೇಕಾಗಿತ್ತು.

ವಿನಿಮಯದ ಸ್ವರೂಪ

ಕೆಲವೇ ದಿನಗಳ ಹಿಂದೆ ಕಬ್ಸ್ ತಂಡವು ಹ್ಯೂಸ್ಟನ್‌ನಿಂದ ಕೈಲ್ ಟಕರ್ ಅವರನ್ನು ಪಡೆದಿತ್ತು. ಇದರಿಂದ, 2025ಕ್ಕೆ 2.75 ಕೋಟಿ ಡಾಲರ್ ಸಂಬಳವಿದ್ದ ಬೆಲ್ಲಿಂಜರ್ ಅಲ್ಲಿ ಹೆಚ್ಚುವರಿಯಾದರು. ಪ್ರತಿಯಾಗಿ ಯಾಂಕೀಸ್ ಕೊಟ್ಟದ್ದು ಕೋಡಿ ಪೊಟೀಟ್ ಎಂಬ ಒಬ್ಬ ಪಿಚರನ್ನು ಮಾತ್ರ. ಕಬ್ಸ್ ತಾನೇ 50 ಲಕ್ಷ ಡಾಲರ್ ಕೂಡ ನೀಡಿತು. 2019ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರರೆನಿಸಿದ್ದವರಿಗೆ ಇದು ತೀರ ಅಲ್ಪ ಬೆಲೆಯೆಂದು ತೋರಬಹುದು. ವಾಸ್ತವದಲ್ಲಿ ಕೈಬದಲಾದದ್ದು ಆಟಗಾರನ ಪ್ರತಿಭೆಗಿಂತ ಹೆಚ್ಚಾಗಿ ಸಂಬಳದ ಹೊರೆ. ಆ ಹೊರೆಯನ್ನು ಹೊರಬಲ್ಲ ಶ್ರೀಮಂತ ತಂಡಕ್ಕೆ ಯುವ ಆಟಗಾರರನ್ನು ಬಿಟ್ಟುಕೊಡುವ ಅಗತ್ಯವೇ ಬೀಳಲಿಲ್ಲ.

ಪರಿಣಾಮ

ಒಬ್ಬರೇ ಸೋಟೊ ಅವರಿಗೆ ಸಾಟಿಯಾಗುವಂತಿರಲಿಲ್ಲ. 2024ರಲ್ಲಿ ಬೆಲ್ಲಿಂಜರ್ ಬಾರಿಸಿದ್ದು 18 ಹೋಮ್ ರನ್ ಮಾತ್ರ. ಆದರೂ ತಂದೆ ಕ್ಲೇ ಬೆಲ್ಲಿಂಜರ್ ಹಿಂದೆ ಆಡಿದ್ದ ತಂಡದಲ್ಲಿಯೇ ಮಗ 2025ರಲ್ಲಿ 29 ಹೋಮ್ ರನ್ ಗಳಿಸಿದರು. ಸೋಟೊ 43 ಬಾರಿಸಿದರೂ ಆ ವರ್ಷ ಮೆಟ್ಸ್ ಅಂತಿಮ ಸುತ್ತುಗಳಿಗೆ ಅರ್ಹತೆ ಪಡೆಯಲಿಲ್ಲ, ಯಾಂಕೀಸ್ ಪಡೆಯಿತು.