ಸ್ನ್ಯಾಪ್‌ಶಾಟ್ ಇದೆ, ಬ್ಯಾಕಪ್ ಎಲ್ಲಿ?

ಲ್ಯಾಬ್ ಸರ್ವರ್‌ನಲ್ಲಿರೋ ನಮ್ಮ ಪ್ರಾಜೆಕ್ಟ್ ವಿಎಂಗಳಿಗೆ ಬ್ಯಾಕಪ್ ಇದೆಯಾ ಅಂತ ಕೇಳಿದ್ರೆ ‘ಸ್ನ್ಯಾಪ್‌ಶಾಟ್ ಇದೆಯಲ್ಲ’ ಅಂತಾರೆ. ನಾವು ಇದನ್ನು ಒಪ್ಪೋದಿಲ್ಲ. ಸ್ನ್ಯಾಪ್‌ಶಾಟ್ ತೆಗೆದಾಗ ಮೂಲ ಡಿಸ್ಕ್ ಫೈಲ್ ಕಾಪಿ ಆಗಲ್ಲ. ಅದು ಹಾಗೇ ನಿಲ್ಲುತ್ತೆ, ಆಮೇಲಿನ ಬದಲಾವಣೆಗಳು ಮಾತ್ರ ಇನ್ನೊಂದು ಫೈಲಿಗೆ ಹೋಗುತ್ತವೆ. ಮೂಲ ಹಾಳಾದ್ರೆ ಎರಡೂ ಹೋದಂಗೇ. ವಿಎಂವೇರ್‌ನವರೇ ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಟ್ಕೋಬೇಡಿ ಅಂತಾರೆ. ನಮ್ಮಲ್ಲಿ ಸೆಮಿಸ್ಟರ್‌ಗಟ್ಟಲೆ ಇರುತ್ತವೆ! ರೇಡ್ 5 ಇದೆ ಅಂತೀರಾ? ಒಂದು ಡಿಸ್ಕ್ ಹೋದ್ರೆ ಕಾಪಾಡುತ್ತೆ, ಎರಡು ಹೋದ್ರೆ ಇಲ್ಲ. ಯಾರೋ ಫೈಲ್ ಅಳಿಸಿದ್ರೆ ಎಲ್ಲ ಡಿಸ್ಕಲ್ಲೂ ಅಳಿಸುತ್ತೆ, ಪಾಪ, ಅದಕ್ಕೇನು ಗೊತ್ತು. ವಾರಕ್ಕೊಮ್ಮೆ ಬೇರೆ ಮೆಷಿನ್‌ಗೆ ಪೂರ್ತಿ ಕಾಪಿ ಹೋಗಲಿ. ತಿಂಗಳಿಗೊಮ್ಮೆ ಆ ಕಾಪಿಯಿಂದ ಒಂದು ವಿಎಂ ಬೂಟ್ ಮಾಡಿ ನೋಡಲಿ. ಶನಿವಾರ ಆ ಕೆಲಸಕ್ಕೆ ನಾವೇ ಬರ್ತೀವಿ, ಅನುಮತಿ ಕೊಡಿ.