ಮ್ಯಾನ್ಮಾರ್ ಬರೀ ಮನೆಜಗಳವೇ?

ಮ್ಯಾನ್ಮಾರಿನ ಸೇನಾದಂಗೆ ‘ಆಂತರಿಕ ವಿಷಯ’, ಹೊರಗಿನವರು ಸುಮ್ಮನಿರಬೇಕು ಎಂಬ ಕಳೆದ ಸಂಚಿಕೆಯ ಲೇಖನವನ್ನು ಒಪ್ಪಲಾರೆ. 2020ರ ಚುನಾವಣೆಯಲ್ಲಿ ಜನ 476 ಸ್ಥಾನಗಳ ಪೈಕಿ 396ನ್ನು ಆಂಗ್ ಸಾನ್ ಸೂ ಕಿ ಅವರ ಪಕ್ಷಕ್ಕೆ ಕೊಟ್ಟರು. 2021ರ ಫೆಬ್ರುವರಿ 1ರಂದು, ಹೊಸ ಸಂಸತ್ತು ಸೇರಬೇಕಿದ್ದ ದಿನವೇ, ಸೇನೆ ಆ ತೀರ್ಪನ್ನು ಕಿತ್ತುಕೊಂಡಿತು. ಜೂನ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 119 ದೇಶಗಳು ಖಂಡನಾ ನಿರ್ಣಯದ ಪರ ನಿಂತವು. ದೂರ ಉಳಿದ 36ರಲ್ಲಿ ಭಾರತವೂ ಒಂದು. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

ದಂಗೆಯ ಬಳಿಕ ಹಿಂಸೆ ನಿಲ್ಲಿಸಲೆಂದು ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ ಆಸಿಯಾನ್ ರೂಪಿಸಿದ ಐದಂಶಗಳ ಒಮ್ಮತ ಫಲಿಸಲಿಲ್ಲವೆಂಬ ಮಾತು ನಿಜ. ಆದರೆ ಅದನ್ನು ಮುರಿದವರಿಗೆ ಯಾವ ದಂಡ ಬಿತ್ತು? ಸೇನೆ ತನ್ನದೇ ಜನರ ಮೇಲೆ ಬಾಂಬು ಹಾಕುವ ವಿಮಾನಗಳೂ ಅವುಗಳ ಇಂಧನವೂ ಹೊರದೇಶಗಳಿಂದಲೇ ಬಂದಿರುವಾಗ ಇದು ಆಂತರಿಕ ಹೇಗಾದೀತು? ಮ್ಯಾನ್ಮಾರಿನಿಂದ ಗಡಿ ದಾಟಿ ಬಂದ ಚಿನ್ ಸಮುದಾಯದ ಸಾವಿರಾರು ಜನರಿಗೆ ಮಿಜೋರಾಂನ ಹಳ್ಳಿಗರು ಅಕ್ಕಿ, ಸೂರು ಕೊಟ್ಟರು. ಲೇಖಕರು ಅವರನ್ನೊಮ್ಮೆ ಕೇಳಲಿ.